ಪಾದ್ರಿಯ ಗಡ್ಡ ಮುರಿದ ಚಳಿಗಾಲ

ಟಾಲ್ಬೋ ಊರಿನಲ್ಲಿ ಮಾರ್ನಿ ಕೋವಾಲಳಿಗೆ ಸಿಟ್ಟು ಬಂದರೆ ಅದನ್ನು ಯಾರೂ ಸುದ್ದಿಯೆಂದು ಎಣಿಸುತ್ತಿರಲಿಲ್ಲ. ಬೆಟ್ಟದ ಹೆದ್ದಾರಿಯಲ್ಲಿ ಹಿಮ ತಳ್ಳುವ ಲಾರಿ ಓಡಿಸುವವಳು ಅವಳು. ದಾರಿ ಬಿಡದ ಪ್ರವಾಸಿಗರ ಮೇಲೆ ಸಿಟ್ಟು, ಜಾರುವ ರಸ್ತೆಗೆ ಚೆಲ್ಲುವ ಮರಳನ್ನು ತಡವಾಗಿ ಕಳಿಸುವ ಡಿಪೋದವರ ಮೇಲೆ ಸಿಟ್ಟು, ಕಾಫಿಯನ್ನು ನೀರು ಮಾಡಿ ಕೊಡುವ ಪೆಟ್ರೋಲ್ ಬಂಕಿನವನ ಮೇಲೆ ಸಿಟ್ಟು. ಬೈಯುವಳು, ಬಾಗಿಲು ಬಡಿಯುವಳು, ಮರುದಿನ ಅದೇ ಬಂಕಿಗೆ ಹೋಗಿ ಅದೇ ಕಾಫಿ ಕುಡಿಯುವಳು. ಆದರೆ ಪಾದ್ರಿಯ ಗಡ್ಡ ಮುರಿದು ಬಿದ್ದ ಚಳಿಗಾಲದಲ್ಲಿ ಅವಳೊಳಗೆ ಹೊಕ್ಕ ಸಿಟ್ಟು ಬೇರೆ ಜಾತಿಯದು. ಅದು ಬೈದರೂ ಇಳಿಯಲಿಲ್ಲ, ಅತ್ತರೂ ಇಳಿಯಲಿಲ್ಲ.

ಪಾದ್ರಿಯ ಗಡ್ಡವೆಂದರೆ ಊರಿಂದ ಪಶ್ಚಿಮಕ್ಕೆ, ಹೆದ್ದಾರಿಯ ತಿರುವಿನ ಮೇಲಿರುವ ಜಲಪಾತ. ಬೇಸಿಗೆಯಲ್ಲಿ ಬಂಡೆಯ ಮೇಲೆ ಜಾರುವ ಬಡಕಲು ನೀರು. ಚಳಿ ಕಚ್ಚಿತೆಂದರೆ ಅದು ತೊಟ್ಟುತೊಟ್ಟಾಗಿ ಹೆಪ್ಪುಗಟ್ಟಿ, ಬಂಡೆಯ ಹುಬ್ಬಿನಿಂದ ನೇತುಬಿದ್ದ ನೀಲಿ ಕಂಬವಾಗುತ್ತದೆ. ಕಂಬದ ಬೆನ್ನಿಗೆ ಒಂದು ಗುಹೆ. ಕ್ಯಾಲ್ಗರಿಯಿಂದ, ಎಡ್ಮಂಟನ್‌ನಿಂದ ಜನ ಕಾರಿನ ಮೇಲೆ ಕೊಡಲಿ ಹಗ್ಗ ಹೇರಿಕೊಂಡು ಬಂದು ಅದನ್ನು ಹತ್ತುತ್ತಾರೆ. ಟಾಲ್ಬೋದ ಹಳಬರಿಗೆ ಇದು ಹುಚ್ಚಾಟ. ಅವರ ಅಪ್ಪಂದಿರು ಕಲ್ಲಿದ್ದಲ ಗಣಿಯಲ್ಲಿ ಹೊಟ್ಟೆಪಾಡಿಗಾಗಿ ಪ್ರಾಣ ಒತ್ತೆಯಿಟ್ಟವರು. ಬೇಕೆಂದೇ ಒತ್ತೆಯಿಡುವವರನ್ನು ಕಂಡರೆ ಅವರಿಗೆ ನಗೆ.

ಮಾರ್ನಿ ಈ ಹುಚ್ಚಿಗೆ ಬಿದ್ದದ್ದು ಹರೆಯದಲ್ಲೇ. ರಸ್ತೆ ಕೆಲಸದ ಜೊತೆಗಾರನೊಬ್ಬ ಹಳೆಯ ಕೊಡಲಿ ಜೋಡಿ ಕೊಟ್ಟು, ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಸಿ, ಗಣಿಯ ಹಿಂದಿನ ಸಣ್ಣ ಜಲಪಾತಕ್ಕೆ ಕರೆದೊಯ್ದಿದ್ದ. ಮೊದಲ ಏಟು ಮಂಜುಗಡ್ಡೆಗೆ ಕಚ್ಚಿಕೊಂಡು, ಆ ಬೆರಳುದ್ದದ ಉಕ್ಕಿನ ಮೇಲೆ ಅವಳ ಇಡೀ ಮೈ ನೇತಾಡಿದಾಗ, ಹೊಟ್ಟೆಯೊಳಗೆ ಏನೋ ಕುಣಿಯಿತು. ಆ ಕುಣಿತಕ್ಕಾಗಿ ಅವಳು ಮದುವೆಯೊಂದನ್ನೂ ಕಳೆದುಕೊಂಡಳು, ಅದು ಬೇರೆ ಮಾತು. ತಂಗಿ ಡಾರ್ಲಾ ದೊಡ್ಡವಳಾದ ಮೇಲೆ ಅವಳಿಗೂ ಕಲಿಸಿದಳು. ಡಾರ್ಲಾ ಅಕ್ಕನಿಗಿಂತ ಹಗುರ, ಅಕ್ಕನಿಗಿಂತ ಚುರುಕು. ಊರಿನಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಳು. ಗೋಡೆಯ ಮೇಲೆ ಕೇಶಶೈಲಿಯ ಚಿತ್ರಗಳ ನಡುವೆ ತಾನು ಮಂಜುಗಡ್ಡೆಗೆ ಜೋತುಬಿದ್ದ ಚಿತ್ರ ಹಾಕಿದ್ದಳು. ಕ್ಷೌರಕ್ಕೆ ಬಂದವರು, "ಇದೇ ಕೈಯಲ್ಲಿ ನನ್ನ ಕಿವಿ ಹತ್ರ ಕತ್ತರಿ ಹಿಡೀತೀಯಾ?" ಎಂದು ರೇಗಿಸುತ್ತಿದ್ದರು.

ಡಿಸೆಂಬರಿನ ಒಂದು ಭಾನುವಾರ, ತಾಯಿ ಸ್ಟೆಲ್ಲಾಳ ಮನೆಯಲ್ಲಿ ಊಟಕ್ಕೆ ಕೂತಾಗ ಮಾತು ಎದ್ದಿತು. ಅಂದು ಎಲೆಕೋಸಿನ ಸುರುಳಿ ಮಾಡಿದ್ದಳು ಸ್ಟೆಲ್ಲಾ.

"ಬುಧವಾರ ಪಾದ್ರಿಯ ಗಡ್ಡ ಹತ್ತೋಣ ಅಂತ ಕರ್ಟಿಸ್ ಕರೆದಿದಾನೆ," ಎಂದಳು ಡಾರ್ಲಾ, ತಟ್ಟೆಯಿಂದ ತಲೆಯೆತ್ತದೆ.

ಕರ್ಟಿಸ್ ಹೇಲ್ ಕ್ಯಾಲ್ಗರಿಯವನು. ಹತ್ತುವುದನ್ನೇ ಚಿತ್ರ ತೆಗೆದು ಜನಕ್ಕೆ ತೋರಿಸಿ ಬದುಕುವವನು. ಒಳ್ಳೆಯ ಹತ್ತುಗಾರನೇ, ಆ ಮಾತನ್ನು ಮಾರ್ನಿಯೂ ಅಲ್ಲಗಳೆಯುತ್ತಿರಲಿಲ್ಲ.

"ಬೇಡ," ಎಂದಳು ಮಾರ್ನಿ.

"ಯಾಕೆ?"

"ಯಾಕಾ? ವಾರವಿಡೀ ಮೂಗು ಉದುರೋ ಚಳಿ ಇತ್ತು. ಬುಧವಾರಕ್ಕೆ ಚಿನೂಕ್ ಗಾಳಿ ಬರುತ್ತೆ, ಎಲ್ಲಾ ಬೆಚ್ಚಗಾಗುತ್ತೆ. ಆ ಕಂಬ ನೆಲಕ್ಕೆ ತಾಗಿದೆ ಅನ್ನೋದು ಹೆಸರಿಗೆ ಮಾತ್ರ. ಚಳಿಗೆ ಬಿಗಿದು ನೆತ್ತಿ ಹತ್ರ ಬಿರುಕು ಬಿಟ್ಟಿದೆ. ರಸ್ತೆಯಿಂದ ನಾನೇ ನೋಡಿದೀನಿ."

"ರಸ್ತೆಯಿಂದ ನೀನು ನೋಡಿದ್ದನ್ನ ನಾನು ಹತ್ರ ಹೋಗಿ ನೋಡ್ತೀನಿ. ಚೆನ್ನಾಗಿಲ್ಲ ಅಂದ್ರೆ ವಾಪಸ್ ಬರ್ತೀವಿ."

"ನೀನು ಬರ್ತೀಯ. ಅವನು ಬರಲ್ಲ. ಕ್ಯಾಮರಾ ಹೊತ್ಕೊಂಡು ಅಷ್ಟು ದೂರ ಬಂದೋನು ಬರಿಗೈಲಿ ಹೋಗ್ತಾನಾ?"

"ನಿಂಗೆ ಅವನ ಮುಖ ಕಂಡ್ರೆ ಆಗಲ್ಲ, ಅದನ್ನ ಹೇಳು."

"ಅವನ ಮುಖ ತಗೊಂಡು ನಂಗೇನಾಗಬೇಕು? ನಿನ್ನ ತಲೆ ಬಗ್ಗೆ ಮಾತಾಡ್ತಿದೀನಿ."

"ಜಗಳ ಆಡೋರು ತಿಂದ್ಕೊಂಡು ಆಡಿ," ಎಂದಳು ಸ್ಟೆಲ್ಲಾ. "ತಣ್ಣಗಾದ ಮೇಲೆ ಇದನ್ನ ನಾಯಿನೂ ಮೂಸಲ್ಲ."

ಬುಧವಾರ ಗಾಳಿ ಬಂತು. ಬೆಳಗಾಗುವಷ್ಟರಲ್ಲಿ ಸೂರಿನಿಂದ ನೀರು ಸುರಿಯತೊಡಗಿತ್ತು. ಮಾರ್ನಿ ಲಾರಿಯಲ್ಲಿ ಕೆಸರುಹಿಮ ತಳ್ಳುತ್ತಾ ತಿರುವಿಗೆ ಬಂದಾಗ ರಸ್ತೆ ಬದಿಯಲ್ಲಿ ಕರ್ಟಿಸನ ವ್ಯಾನು, ಅದರ ಹಿಂದೆ ಡಾರ್ಲಾಳ ಸಣ್ಣ ಟ್ರಕ್ಕು ನಿಂತಿದ್ದವು. ಕತ್ತೆತ್ತಿ ನೋಡಿದಳು. ಕಂಬ ನೀಲಿಯಾಗಿರಲಿಲ್ಲ, ಹಾಲು ಒಡೆದ ಬಣ್ಣಕ್ಕೆ ತಿರುಗಿತ್ತು. ಅದರ ಮೇಲ್ತುದಿಯಲ್ಲಿ ಕಪ್ಪು ಚುಕ್ಕೆಯಂತೆ ಕರ್ಟಿಸ್. ಬುಡದಲ್ಲಿ ಅವನ ಹಗ್ಗ ಹಿಡಿದು ನಿಂತ ಕೆಂಪು ಚುಕ್ಕೆ, ಡಾರ್ಲಾ.

ಮಾರ್ನಿ ಲಾರಿ ನಿಲ್ಲಿಸಿ ಹಾರ್ನ್ ಒತ್ತಿ ಹಿಡಿದಳು. ಏನಾಗಲೆಂದು ಒತ್ತಿದಳೋ ಅವಳಿಗೇ ಗೊತ್ತಿರಲಿಲ್ಲ. ಗಾಳಿಯ ಸದ್ದಿನಲ್ಲಿ ಅದು ಅವರಿಗೆ ಕೇಳಿಸಿತೋ ಇಲ್ಲವೋ. ಕೈ ತೆಗೆದ ಮರುಗಳಿಗೆ ಬೆಟ್ಟದ ಕಡೆಯಿಂದ ದಪ್ಪ ಮರ ಸೀಳಿದಂಥ ಸದ್ದು ಬಂತು. ಕಂಬ ನಿಂತ ಹಾಗೇ ಒಂದು ಗೇಣು ಕುಸಿದು, ಸೊಂಟದಲ್ಲಿ ಮುರಿದು, ತುಂಡುತುಂಡಾಗಿ ಕೆಳಗಿಳಿಯಿತು. ಬಿಳಿ ಧೂಳು ಎದ್ದು ಎಲ್ಲವನ್ನೂ ಮುಚ್ಚಿತು.

ರೇಡಿಯೋದಲ್ಲಿ ಡಿಪೋಗೆ ಕೂಗಿ ಹೇಳಿ, ಪ್ರಥಮ ಚಿಕಿತ್ಸೆಯ ಚೀಲ ಎಳೆದುಕೊಂಡು ಅವಳು ಏರು ಹತ್ತಿದಳು. ಮೊಣಕಾಲಿನವರೆಗೆ ಹೂತುಹೋಗುವ ಹಿಮ. ಬಿದ್ದಳು, ಎದ್ದಳು. ಉದ್ದಕ್ಕೂ ಬೈಯುತ್ತಲೇ ಇದ್ದಳು, ಯಾರನ್ನೆಂದು ಇಲ್ಲ. ಧೂಳು ಕೂತಾಗ ಕಂಬವಿದ್ದಲ್ಲಿ ಕರಿಬಂಡೆ ಬರಿದಾಗಿ ನೀರು ಸುರಿಸುತ್ತಿತ್ತು. ಮುರಿದದ್ದು ಕರ್ಟಿಸನ ಕಾಲಡಿಯಲ್ಲಿ. ಆಗಷ್ಟೇ ಅವನು ಬಂಡೆಗಂಟಿದ ಗಟ್ಟಿ ಮಂಜುಗಡ್ಡೆಗೆ ಉಕ್ಕಿನ ಸ್ಕ್ರೂ ತಿರುಗಿಸಿ ಅದಕ್ಕೆ ತನ್ನನ್ನು ಸಿಕ್ಕಿಸಿಕೊಂಡಿದ್ದ, ಹಾಗಾಗಿ ಅಲ್ಲೇ ಜೋತಾಡುತ್ತಿದ್ದ. "ಡಾರ್ಲಾ, ಡಾರ್ಲಾ" ಎಂದು ಒದರುತ್ತಿದ್ದ.

"ಬಾಯಿ ಮುಚ್ಕೊಂಡು ಇಳಿ," ಎಂದು ಕಿರುಚಿದಳು ಮಾರ್ನಿ.

ಡಾರ್ಲಾ ಗುಹೆಯ ಬಾಯಿಂದ ಹೊರಗೆ, ಬಯಲಿನಲ್ಲಿ ಬಿದ್ದಿದ್ದಳು. ಕಾರಿನಷ್ಟು ದೊಡ್ಡ ತುಂಡೊಂದು ಪಕ್ಕದಲ್ಲೇ ಕೂತಿತ್ತು. ಅವಳ ಎಡಗಾಲು ಅದರ ಅಂಚಿನಡಿಯಲ್ಲಿತ್ತು. ಪ್ರಜ್ಞೆ ಇತ್ತು.

"ಬೂಟು ಬಿಚ್ಚಬೇಡ," ಎಂದಳು. "ಮಾರ್ನಿ, ಬೂಟು ಬಿಚ್ಚಿ ನೋಡಬೇಡ."

"ನೋಡಲ್ಲ. ಸುಮ್ನಿರು."

ಮಾರ್ನಿ ಸೊಂಟದ ಬೆಲ್ಟು ತೆಗೆದು ಮೊಣಕಾಲಿನ ಕೆಳಗೆ ಬಿಗಿದಳು. ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಲಿಕಾಪ್ಟರಿಗಾಗಿ ಕಾದಳು. ಆಗ ಅವಳ ಕಣ್ಣಿಗೆ ಬಿದ್ದದ್ದು ಕ್ಯಾಮರಾ. ಆಚೆಯ ದಿಬ್ಬದ ಮೇಲೆ ಮೂರು ಕಾಲೂರಿ ನಿಂತಿತ್ತು, ಅದರ ಕೆಂಪು ದೀಪ ಇನ್ನೂ ಮಿಣುಕುತ್ತಿತ್ತು. ಅದು ನೋಡುತ್ತಿದ್ದ ಗೆರೆ ಹಿಡಿದು ಹೋದರೆ ಸರಿಯಾಗಿ ಡಾರ್ಲಾ ನಿಂತಿದ್ದ ಜಾಗ. ಬೆನ್ನ ಹಿಂದೆ ಗುಹೆ ಇತ್ತು, ಒಳಗಿದ್ದಿದ್ದರೆ ಒಂದು ಚೂರೂ ತಾಗುತ್ತಿರಲಿಲ್ಲ. ಚಿತ್ರದಲ್ಲಿ ಕಾಣಲೆಂದು ಇವಳನ್ನು ಅವನು ಹೊರಗೆ ನಿಲ್ಲಿಸಿದ್ದಾನೆ. ಮಾರ್ನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಎಡ್ಮಂಟನ್ನಿನ ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಕರ್ಟಿಸ್ ಹೂಗುಚ್ಛ ಹಿಡಿದು ಬಂದ. ಮಾರ್ನಿ ಅದನ್ನು ಕೈಯಿಂದ ಕಿತ್ತು, ಲಿಫ್ಟಿನ ಪಕ್ಕದ ಕಸದ ಡಬ್ಬಿಗೆ ತಲೆಕೆಳಗಾಗಿ ತುರುಕಿದಳು. ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಲಿಫ್ಟಿನ ಗುಂಡಿ ಒತ್ತಿ, ಅವನು ಒಳಗೆ ಹೋಗುವವರೆಗೂ ಕದಲದೆ ನಿಂತಳು.

ಊರಿಗೆ ಮರಳಿದ ಮೇಲೆ ಸಿಟ್ಟಿಗೆ ದಿನವೂ ಹೊಸ ಮೇವು ಸಿಕ್ಕಿತು. ಬಂಕಿನಲ್ಲಿ ಒಬ್ಬ, "ಸದ್ಯ, ಜೀವ ಉಳೀತಲ್ಲ," ಎಂದ. ಚರ್ಚಿನ ಹೆಂಗಸೊಬ್ಬಳು, "ಈಗಲಾದ್ರೂ ಬುದ್ಧಿ ಬರುತ್ತೆ," ಎಂದಳು. ಹತ್ತುವವರ ಗುಂಪಿನವರು ಇನ್ನೂ ಮುಂದೆ ಹೋಗಿ, ತಾವು ಪ್ರೀತಿಸುವುದಕ್ಕೆ ತೆರಬೇಕಾದ ಬೆಲೆ, ಬೆಟ್ಟದ ಇಚ್ಛೆ ಎಂದೆಲ್ಲ ಬರೆದರು. ಮಾರ್ನಿ ಅದನ್ನೆಲ್ಲ ಓದಿ ಫೋನನ್ನು ಸೋಫಾದ ಮೇಲೆ ಎಸೆಯುವಳು, ಮತ್ತೆ ಎತ್ತಿಕೊಂಡು ಓದುವಳು. ಡಾರ್ಲಾ ಮಾತ್ರ ಯಾರನ್ನೂ ಬೈಯಲಿಲ್ಲ. ಅದನ್ನಂತೂ ಮಾರ್ನಿಗೆ ಸಹಿಸಲಾಗಲಿಲ್ಲ. ಇವಳ ಪರವಾಗಿಯೂ ತಾನೇ ಸಿಟ್ಟಾಗಬೇಕು ಎಂಬಂತೆ ಇಬ್ಬರಷ್ಟು ಸಿಟ್ಟು ಹೊತ್ತು ತಿರುಗಿದಳು.

ಫೆಬ್ರವರಿ ಕೊನೆಯಲ್ಲಿ ಊರಿನ ಸಮುದಾಯ ಭವನದಲ್ಲಿ ಹತ್ತುವವರ ವಾರ್ಷಿಕ ಕೂಟ. ಹೊರಗೆ ಬೆಂಕಿ, ಒಳಗೆ ಜಿಂಕೆ ಮಾಂಸದ ಸಾರು, ಬಿಯರು, ಪರದೆಯ ಮೇಲೆ ಚಿತ್ರಗಳು. ಡಾರ್ಲಾ ಊರುಗೋಲಿನ ಮೇಲೆ ಬಂದಳು. ಜನ ಎದ್ದು ಚಪ್ಪಾಳೆ ತಟ್ಟಿದರು. ಮಾರ್ನಿ ಅವಳ ಪಕ್ಕದಲ್ಲಿ ಕೈಕಟ್ಟಿ ಕೂತಳು. ಕರ್ಟಿಸ್ ವೇದಿಕೆ ಹತ್ತಿದ. ತೆಳ್ಳಗಾಗಿದ್ದ. ಗಡ್ಡ ಬಿಟ್ಟಿದ್ದ. ಪರದೆಯ ಮೇಲೆ ಆ ದಿನದ ಪಾದ್ರಿಯ ಗಡ್ಡ ಬೆಳ್ಳಗೆ ಹೊಳೆಯಿತು. ಬುಡದಲ್ಲಿ ಬಿಸಿಲು ಬಿದ್ದ ಕೆಂಪು ಜಾಕೆಟ್ಟು.

"ನಾವು ಎಷ್ಟೇ ಲೆಕ್ಕ ಹಾಕಿದ್ರೂ ಕೊನೆಗೆ ತೀರ್ಮಾನ ಮಾಡೋದು ಬೆಟ್ಟ," ಎಂದ ಕರ್ಟಿಸ್. "ಆವತ್ತು ಬೆಟ್ಟ ನಮ್ಮಿಂದ ಒಂದನ್ನ ಕೇಳ್ತು. ಅದನ್ನ ಡಾರ್ಲಾ ಕೊಟ್ಲು."

ಮಾರ್ನಿಯ ಕುರ್ಚಿ ಹಿಂದಕ್ಕೆ ಜರುಗಿದ ಸದ್ದಿಗೆ ಜನ ತಿರುಗಿದರು.

"ನಿಲ್ಲಿಸು," ಎಂದಳು. "ಬೆಟ್ಟಕ್ಕೆ ನನ್ನ ತಂಗಿ ಕಾಲು ತಗೊಂಡು ಏನಾಗಬೇಕು? ಬೆಟ್ಟ ಏನನ್ನೂ ಕೇಳಲಿಲ್ಲ. ಕೇಳಿದ್ದು ನೀನು. ಗುಹೆ ಒಳಗೆ ಕ್ಷೇಮವಾಗಿ ನಿಲ್ಲಬೇಕಾದವಳನ್ನ ಹೊರಗೆ ಕರೆದು ನಿಲ್ಲಿಸಿದ್ದು ನೀನು, ನಿನ್ನ ಚಿತ್ರಕ್ಕೆ ಬಣ್ಣ ಬೇಕಿತ್ತು ಅಂತ. ಕರಗೋ ಕಂಬಕ್ಕೆ ಕರೆದುಕೊಂಡು ಹೋಗಿದ್ದೂ ನೀನೇ. ಈಗ ಇಲ್ಲಿ ನಿಂತು ಅದನ್ನೇ ತೋರಿಸಿ ಚಪ್ಪಾಳೆ ತಗೋತಿದೀಯ. ನಾಚಿಕೆ ಆಗಲ್ವಾ ನಿಂಗೆ?"

ಕರ್ಟಿಸ್ ಡಾರ್ಲಾಳ ಕಡೆ ನೋಡಿದ, ಆಮೇಲೆ ಕೈಯಲ್ಲಿದ್ದ ಮೈಕನ್ನು ಮೇಜಿನ ಮೇಲಿಟ್ಟು ವೇದಿಕೆಯಿಂದ ಇಳಿದ. ಡಾರ್ಲಾ ಊರುಗೋಲು ಎತ್ತಿಕೊಂಡಳು.

"ಮನೆಗೆ ಬಿಡು," ಎಂದಳು ಅಕ್ಕನಿಗೆ.

ಟ್ರಕ್ಕಿನಲ್ಲಿ ಕೂತ ಮೇಲೆ ಮಾರ್ನಿ ಎಂಜಿನ್ ಚಾಲೂ ಮಾಡಿದಳು. ಹೇಳಬೇಕಾದ್ದನ್ನು ಹೇಳಿದೆನೆಂಬ ಹೆಮ್ಮೆ ಒಂದಿಷ್ಟು ಇತ್ತು.

"ಅವನು ನನ್ನನ್ನ ಅಲ್ಲಿ ನಿಲ್ಲಿಸಲಿಲ್ಲ," ಎಂದಳು ಡಾರ್ಲಾ.

"ಏನು?"

"ಗುಹೆ ಒಳಗೆ ನೀರು ಸುರೀತಿತ್ತು. ಮೈಯೆಲ್ಲ ಒದ್ದೆಯಾಗಿ ನಡುಗ್ತಿದ್ದೆ. ಹೊರಗೆ ಬಿಸಿಲಿತ್ತು. ನಾನೇ ಬಂದು ನಿಂತೆ. ಯಾರೂ ಕರೀಲಿಲ್ಲ."

"ಅವನ ಪರವಾಗಿ ಮಾತಾಡಬೇಡ."

"ನನ್ನ ಪರವಾಗಿ ಮಾತಾಡ್ತಿದೀನಿ. ಇಡೀ ಊರಿನ ಮುಂದೆ ನನ್ನನ್ನ ಆಲೂಗಡ್ಡೆ ಮೂಟೆ ಮಾಡಿದೆಯಲ್ಲ ನೀನು. ಅವನು ಎತ್ತಿ ಅಲ್ಲಿಟ್ಟ, ಇಲ್ಲಿಟ್ಟ ಅಂತ. ಬಿರುಕು ನಂಗೆ ಕಾಣಲಿಲ್ಲ ಅಂದ್ಕೊಂಡೆಯಾ? ಐಸ್ ನೋಡೋದು ನಂಗೆ ಕಲಿಸಿದ್ದು ನೀನು. ಕಾಣ್ತು. ಕಂಡೂ ಹೋದೆ. ಹತ್ತಬೇಕು ಅನ್ನಿಸ್ತು, ಹೋದೆ."

"ಹಾಗಾದ್ರೆ ನೀನು ಮೂರ್ಖೆ."

"ಹೌದು. ಅದನ್ನ ಹೇಳೋ ಹಕ್ಕು ನಂಗಿದೆ. ಕಾಲು ಹೋಗಿದ್ದು ನಂದು. ನೀನು ಯಾರು ಅದರ ಮೇಲೆ ನಿಂತು ಭಾಷಣ ಮಾಡೋಕೆ?"

ಮನೆಯ ಮುಂದೆ ಇಳಿದ ಡಾರ್ಲಾ ಬಾಗಿಲನ್ನು ಬಡಿಯಲಿಲ್ಲ. ಮೆಲ್ಲಗೆ ಮುಚ್ಚಿದಳು. ಬಡಿದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮಾರ್ನಿಗೆ.

ಆಮೇಲೆ ಅಕ್ಕತಂಗಿಯರ ನಡುವೆ ಮಾತು ನಿಂತಿತು. ಭಾನುವಾರದ ಊಟಕ್ಕೆ ಒಬ್ಬಳು ಬಂದು ಹೋದ ಮೇಲೆ ಇನ್ನೊಬ್ಬಳು ಬರುವಳು. ಸ್ಟೆಲ್ಲಾ ಎರಡು ಸಲ ಬಿಸಿ ಮಾಡಿ ಬಡಿಸುವಳು. "ನಿಮ್ಮಪ್ಪ ಮರ ಸಾಗಿಸೋ ಲಾರಿ ಓಡಿಸ್ತಿದ್ದಾಗ ದಿನಾ ಹೆದರ್ತಿದ್ದೆ," ಎಂದಳು ಒಮ್ಮೆ ಮಾರ್ನಿಗೆ. "ಅವನು ಹಾಸಿಗೆ ಮೇಲೆ ಸತ್ತ. ನೀವಿಬ್ರೂ ಸೇರಿ ಆ ಹೆದರಿಕೆನ ನಂಗೆ ವಾಪಸ್ ಕೊಟ್ರಿ. ಸಿಟ್ಟು ಬರಬೇಕಾಗಿರೋದು ನಂಗೆ. ನಿಂಗಲ್ಲ."

ಮಾರ್ಚ್ ತಿಂಗಳ ಒಂದು ರಜೆಯ ದಿನ ಮಾರ್ನಿ ಗಣಿಯ ಹಿಂದಿನ ಸಣ್ಣ ಜಲಪಾತಕ್ಕೆ ಒಬ್ಬಳೇ ಹೋದಳು. ಹತ್ತುವವರು ಅದನ್ನು ಅಡುಗೆಮನೆ ಎಂದು ಕರೆಯುತ್ತಿದ್ದರು. ಎಲ್ಲರೂ ಮೊದಲು ಕಲಿಯುವುದು ಅಲ್ಲೇ, ಕಣ್ಣುಮುಚ್ಚಿ ಹತ್ತಬಹುದಾದ ಜಾಗ. ಅವಳು ಹಗ್ಗವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಬಲಗೈ ಕೊಡಲಿ ಬೀಸಿದಳು. ಬೀಸಿದ್ದಲ್ಲ, ಹೊಡೆದಳು. ಕರ್ಟಿಸನ ಗಡ್ಡಕ್ಕೊಂದು, ಚಪ್ಪಾಳೆ ತಟ್ಟಿದವರಿಗೊಂದು, ಆ ಮೆಲ್ಲಗೆ ಮುಚ್ಚಿದ ಬಾಗಿಲಿಗೊಂದು. ಮಂಜುಗಡ್ಡೆ ಚೂರುಚೂರಾಗಿ ಮುಖಕ್ಕೆ ರಾಚಿತು. ಹತ್ತುತ್ತಾ ಹೋದಳು, ಹೊಡೆಯುತ್ತಾ ಹೋದಳು. ತೋಳು ಕಲ್ಲಾಯಿತು. ಮುಕ್ಕಾಲು ಎತ್ತರದಲ್ಲಿ, ಎಡಗೈಯ ಏಟಿಗೆ ಊಟದ ತಟ್ಟೆಯಗಲದ ಚಕ್ಕೆಯೊಂದು ಕಿತ್ತು ಬಂದು ತುಟಿಗೆ ಬಡಿಯಿತು. ಅದರ ಹಿಂದೆಯೇ ಎರಡೂ ಕಾಲು ಜಾರಿದವು.

ಒಂದೇ ಕೊಡಲಿಯ ಮೇಲೆ ಜೋತುಬಿದ್ದಳು. ಬಾಯಲ್ಲಿ ರಕ್ತದ ರುಚಿ. ಬಲಗೈಯ ಉಕ್ಕು ಮಂಜುಗಡ್ಡೆಯೊಳಗೆ ಕಿರ್ರೆಂದು ಒಂದಿಷ್ಟು ಅಲುಗಿತು. ಕೆಳಗೆ ನೋಡಲಿಲ್ಲ. ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಕರ್ಟಿಸನೂ ಇರಲಿಲ್ಲ, ಡಾರ್ಲಾಳೂ ಇರಲಿಲ್ಲ, ಆ ಉಕ್ಕಿನ ತುದಿಯೊಂದೇ ಇತ್ತು. ಒಂದು ಕಾಲಿನ ಮುಳ್ಳನ್ನು ಮೆಲ್ಲನೆ ಊರಿದಳು, ಇನ್ನೊಂದನ್ನು ಊರಿದಳು. ಉಸಿರು ಸಿಕ್ಕಿತು. ಹಿಡಿಹಿಡಿಯಾಗಿ ಕೆಳಗಿಳಿದಳು. ನೆಲ ಮುಟ್ಟಿದ ಮೇಲೆ ಹಿಮದಲ್ಲಿ ಕೂತುಬಿಟ್ಟಳು. ತಾನು ಬಿದ್ದು ಸತ್ತಿದ್ದರೆ ಬಂಕಿನವನು ಏನು ಹೇಳುತ್ತಿದ್ದ, ಕೂಟದವರು ಏನು ಬರೆಯುತ್ತಿದ್ದರು ಎಂದು ನೆನೆದಾಗ ಮತ್ತೆ ಮೈ ಉರಿಯಿತು.

ಹಿಮ ಕರಗಿ ಡಿಪೋದ ಅಂಗಳವೆಲ್ಲ ಕೆಸರಾಗಿದ್ದ ದಿನ ಕರ್ಟಿಸ್ ಬಂದ. ಮಾರ್ನಿ ಲಾರಿಯ ಮುಂದಿನ, ಹಿಮ ತಳ್ಳುವ ಅಲಗಿನ ಬೋಲ್ಟು ಬಿಚ್ಚುತ್ತಿದ್ದಳು. ಕೈಯಲ್ಲಿ ತೋಳುದ್ದದ ಸ್ಪಾನರು.

"ಹಾಲ್‌ನಲ್ಲಿ ನೀನು ಹೇಳಿದ್ದು..." ಎಂದು ಶುರುಮಾಡಿದ.

"ಗೊತ್ತು. ನೀನು ಕರೆದು ನಿಲ್ಲಿಸಲಿಲ್ಲ. ಡಾರ್ಲಾ ಹೇಳಿದಾಳೆ. ಆ ಒಂದು ಮಾತು ತಪ್ಪು, ವಾಪಸ್ ತಗೋತೀನಿ. ಆಯ್ತಲ್ಲ? ಹೊರಡು."

"ಅದು ಪೂರ್ತಿ ತಪ್ಪೂ ಅಲ್ಲ."

ಅವಳು ಸ್ಪಾನರು ಹಿಡಿದೇ ತಿರುಗಿದಳು.

"ಅವಳು ಗುಹೆಯಿಂದ ಹೊರಗೆ ಬಂದಿದ್ದು ಮೇಲಿಂದ ನಂಗೆ ಕಾಣ್ತು," ಎಂದ ಕರ್ಟಿಸ್. ಅವನ ಕಣ್ಣು ಕೆಸರಿನ ಮೇಲಿತ್ತು. "ಒಳಗೆ ಹೋಗು ಅಂತ ಕೂಗಬೇಕು ಅಂದ್ಕೊಂಡೆ. ಕೂಗಲಿಲ್ಲ."

"ಯಾಕೆ?"

"ಬಿಸಿಲು ಅವಳ ಮೇಲೆ ಬಿದ್ದಿತ್ತು. ಕೆಂಪು ಜಾಕೆಟ್ಟು. ಚಿತ್ರ ಚೆನ್ನಾಗಿ ಬರುತ್ತೆ ಅನ್ನಿಸ್ತು. ಸ್ವಲ್ಪ ಹೊತ್ತು ತಾನೇ ಅಂದ್ಕೊಂಡೆ."

ಮಾರ್ನಿ ಸ್ಪಾನರನ್ನು ಲಾರಿಯ ಮೆಟ್ಟಿಲ ಮೇಲಿಟ್ಟಳು. ಕೈಯಲ್ಲಿ ಇಟ್ಟುಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ.

"ಅವಳಿಗೆ ಹೇಳಿದೀಯಾ?"

"ಆಸ್ಪತ್ರೆಯಲ್ಲೇ ಹೇಳ್ದೆ. ನೀನು ಕೆಲಸಕ್ಕೆ ಹೋಗಿದ್ದಾಗ. ಹೊರಗೆ ನಡಿ ಅಂದ್ಲು. ಆಮೇಲೆ ತಾನೇ ಫೋನ್ ಮಾಡಿ ಬಾ ಅಂದ್ಲು."

"ಹೇಳಿದ ಮೇಲೂ ಆ ಹಾಲ್‌ನಲ್ಲಿ ನಿಂತು ಬೆಟ್ಟ ಕೇಳ್ತು, ಬೆಟ್ಟ ತೀರ್ಮಾನ ಮಾಡ್ತು ಅಂತೆಲ್ಲ ಬೊಗಳಿದೆಯಲ್ಲ."

"ಜನ ಅದನ್ನೇ ಕೇಳೋಕೆ ಬರ್ತಾರೆ."

"ಹೇಡಿ."

"ಹೌದು," ಎಂದ ಕರ್ಟಿಸ್.

ಅವನು ಎದುರಾಡಿದ್ದರೆ ಅವಳಿಗೆ ಸಲೀಸಾಗುತ್ತಿತ್ತು. ಹೌದು ಎಂದವನ ಮುಖಕ್ಕೆ ಹೊಡೆಯುವುದು ಹೇಗೆ? "ನನ್ನ ಕಣ್ಣೆದುರಿಂದ ಹೋಗು," ಎಂದಳು. ಅವನ ವ್ಯಾನು ಗೇಟು ದಾಟುವವರೆಗೂ ನೋಡುತ್ತಾ ನಿಂತಳು. ಆಮೇಲೆ ಕೈ ತೊಳೆಯದೆಯೇ ತನ್ನ ಟ್ರಕ್ಕು ಹತ್ತಿ ಡಾರ್ಲಾಳ ಅಂಗಡಿಗೆ ಹೋದಳು.

ಡಾರ್ಲಾ ಹೊಸ ಕೃತಕ ಕಾಲಿನ ಮೇಲೆ ನಿಂತು ಮಿಸೆಸ್ ಪೆಲ್ಲರಿನ್ ಎಂಬ ಮುದುಕಿಯ ತಲೆಗೆ ಬಣ್ಣ ಹಚ್ಚುತ್ತಿದ್ದಳು. ನಿಂತು ನಿಂತು ನೋವಾದಾಗಲೆಲ್ಲ ಕುರ್ಚಿಯ ಬೆನ್ನಿಗೆ ಸೊಂಟ ಆನಿಸುತ್ತಿದ್ದಳು.

"ಅವನು ನಿಂಗೆ ಹೇಳಿದ್ದನ್ನ ನನ್ನಿಂದ ಯಾಕೆ ಮುಚ್ಚಿಟ್ಟೆ?" ಎಂದಳು ಮಾರ್ನಿ ಬಾಗಿಲಲ್ಲೇ.

"ಕೆಲಸದಲ್ಲಿದೀನಿ. ಕಾಣಲ್ವಾ?"

"ನಂಗೇನೂ ಅವಸರ ಇಲ್ಲ," ಎಂದಳು ಮಿಸೆಸ್ ಪೆಲ್ಲರಿನ್, ಕನ್ನಡಿಯಲ್ಲಿ ಇಬ್ಬರನ್ನೂ ನೋಡುತ್ತಾ. "ನೀವು ಮಾತಾಡಿ."

ಡಾರ್ಲಾ ಬ್ರಷ್ಷನ್ನು ಬಟ್ಟಲಿಗೆ ಎಸೆದಳು. "ಹೇಳಿದ್ರೆ ಅವನನ್ನ ಲಾರಿ ಕೆಳಗೆ ಹಾಕ್ತಿದ್ದೆ ನೀನು. ಆಮೇಲೆ ನಾನು ಒಂಟಿ ಕಾಲಲ್ಲಿ ನಿನ್ನ ನೋಡೋಕೆ ಜೈಲಿಗೆ ಕುಂಟ್ಕೊಂಡು ಬರಬೇಕಾಗ್ತಿತ್ತು."

"ಅವನು ಮಾಡಿದ್ದಕ್ಕೆ ನಿಂಗೆ ಸಿಟ್ಟೇ ಬರಲ್ವಾ? ರಕ್ತ ಇದೆಯಾ ನಿನ್ನ ಮೈಯಲ್ಲಿ?"

"ಸಿಟ್ಟಿಲ್ವಾ?" ಡಾರ್ಲಾಳ ದನಿ ಏರಲಿಲ್ಲ, ಒಡೆಯಿತು. "ದಿನಾ ಬೆಳಿಗ್ಗೆ ಇಲ್ಲದ ಪಾದ ತುರಿಸುತ್ತೆ. ಕೆರ್ಕೊಳ್ಳೋಕೆ ಹೋದ್ರೆ ಕೈಗೆ ಸಿಗೋದು ಹಾಸಿಗೆ. ಆಗ ಯಾರನ್ನ ಬೈಲಿ? ಅವನನ್ನ ಬೈದೆ. ನನ್ನನ್ನ ಬೈಕೊಂಡೆ. ನಿನ್ನನ್ನೂ ಬೈದಿದೀನಿ, ಆ ಕೊಡಲಿ ನನ್ನ ಕೈಗೆ ಕೊಟ್ಟೆ ಅಂತ. ನನ್ನ ಸಿಟ್ಟು ನಂಗೆ ಬೇಕಾದಷ್ಟಿದೆ. ಅಷ್ಟರಲ್ಲಿ ನೀನು ಬಂದು ಎಲ್ಲರಿಗಿಂತ ಜೋರಾಗಿ ಕೂಗಿದೆ. ಆಮೇಲೆ ನಾನು ಬಾಯಿ ಬಿಟ್ರೆ ಯಾರಿಗೆ ಕೇಳುತ್ತೆ?"

ಮಾರ್ನಿ ಗ್ರೀಸು ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದಳು.

"ನನ್ನ ತಲೆ ಉರೀತಿದೆ," ಎಂದಳು ಮಿಸೆಸ್ ಪೆಲ್ಲರಿನ್ ಮೆಲ್ಲಗೆ.

ಡಾರ್ಲಾ ಬೆಚ್ಚಿ ಮುದುಕಿಯನ್ನು ತೊಟ್ಟಿಯ ಕಡೆ ತಿರುಗಿಸಿದಳು. ಮಾರ್ನಿ ಕೈ ತೊಳೆದು ನಲ್ಲಿಯ ನೀರನ್ನು ಹದ ಮಾಡಿ ಕೊಟ್ಟಳು. ಇಬ್ಬರೂ ಸೇರಿ ಆ ತಲೆ ತೊಳೆದರು. ಯಾರೂ ಕ್ಷಮೆ ಕೇಳಲಿಲ್ಲ. ಆದರೆ ಮುಂದಿನ ಭಾನುವಾರ ಸ್ಟೆಲ್ಲಾ ಊಟವನ್ನು ಒಂದೇ ಸಲ ಬಿಸಿ ಮಾಡಿದಳು.

ಮುಂದಿನ ಚಳಿಗಾಲ ಬಂದಾಗ ಡಾರ್ಲಾ ಅಕ್ಕನನ್ನು ಹಗ್ಗ ಹಿಡಿಯಲು ಕರೆದಳು. ಎಡ್ಮಂಟನ್ನಿನಲ್ಲಿ ಕೃತಕ ಕಾಲು ಮಾಡುವವನು ಹತ್ತುವುದಕ್ಕೆಂದೇ ಮೋಟು ಪಾದವೊಂದನ್ನು ಮಾಡಿಕೊಟ್ಟಿದ್ದ. ಬೂಟೇ ಇಲ್ಲ, ನೇರ ಉಕ್ಕಿನ ಮುಳ್ಳು. ಮಾರ್ನಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬೇಡ," ಎಂದಳು. "ಹಾಗಾದ್ರೆ ಬೇರೆ ಯಾರನ್ನಾದ್ರೂ ಕರೀತೀನಿ," ಎಂದಳು ಡಾರ್ಲಾ. ಬೇರೆ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಮಾರ್ನಿ ಹಗ್ಗವನ್ನು ಟ್ರಕ್ಕಿಗೆ ಎಸೆದಳು.

ಗಣಿಯ ಹಿಂದಿನ ಅಡುಗೆಮನೆಯಲ್ಲಿ ಆ ದಿನ ಚಳಿ ಸಮನಾಗಿತ್ತು, ಮಂಜುಗಡ್ಡೆ ದಪ್ಪಗಿತ್ತು. ಹಗ್ಗವನ್ನು ಮೇಲಿನ ಮರದ ಸುತ್ತ ಹಾಯಿಸಿ ಎರಡೂ ತುದಿ ಇಳಿಬಿಟ್ಟಿದ್ದರು, ಬಿದ್ದರೂ ಜೋತಾಡುವುದಷ್ಟೇ. ಡಾರ್ಲಾ ಬಿದ್ದಳು. ಮುಳ್ಳು ನಾಟಿತೋ ಇಲ್ಲವೋ ಎಂದು ಆ ಪಾದಕ್ಕೆ ತಿಳಿಯುವುದಿಲ್ಲ, ಕಣ್ಣಲ್ಲಿ ನೋಡಿಯೇ ಊರಬೇಕು. ಮತ್ತೆ ಬಿದ್ದಳು. ಮಂಜುಗಡ್ಡೆಯನ್ನು ಬೈದಳು, ಪಾದವನ್ನು ಬೈದಳು, ಹಗ್ಗ ಬಿಗಿಯಾಗಿ ಎಳೆಯುತ್ತೀಯೆಂದು ಮಾರ್ನಿಯನ್ನು ಬೈದಳು.

"ಸಡಿಲ ಬಿಡು. ನಾನೇನು ಹಸುವಾ, ಎಳ್ಕೊಂಡು ಹೋಗೋಕೆ?"

"ಹಸು ಆದ್ರೆ ಹೇಳಿದ ಮಾತು ಕೇಳ್ತಿತ್ತು. ಕಾಲು ಅಗಲ ಇಡು."

"ಇಟ್ಟಿದೀನಿ."

"ಇಟ್ಟಿಲ್ಲ. ನಂಗೆ ಕಾಣ್ತಿದೆ."

"ಮಾರ್ನಿ, ಬಾಯಿ ಮುಚ್ಚು."

ಮಾರ್ನಿ ಬಾಯಿ ಮುಚ್ಚಿದಳು. ಹಗ್ಗವನ್ನು ಒಂದಿಷ್ಟು ಸಡಿಲಿಸಿದಳು. ಕುತ್ತಿಗೆ ನೋಯುವವರೆಗೂ ಮೇಲೆಯೇ ನೋಡುತ್ತಾ ನಿಂತಳು. ಡಾರ್ಲಾ ಅಂದು ಅರ್ಧ ಹತ್ತಿ ಇಳಿದಳು. ಪೂರ್ತಿ ಹತ್ತಿದ್ದು ಜನವರಿಯಲ್ಲಿ. ಮೇಲೆ ಮುಟ್ಟಿದವಳು ಕೈ ಎತ್ತಲಿಲ್ಲ, ಕೇಕೆ ಹಾಕಲಿಲ್ಲ. ಮರಕ್ಕೆ ಹಣೆ ಆನಿಸಿ ಬಹಳ ಹೊತ್ತು ನಿಂತಿದ್ದಳು. ಕೆಳಗೆ ಮಾರ್ನಿ ಕಣ್ಣೊರೆಸಿಕೊಳ್ಳಲು ಹಗ್ಗದಿಂದ ಕೈ ತೆಗೆಯುವಂತಿರಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಕರ್ಟಿಸ್ ಈಗ ಕೂಟಗಳಲ್ಲಿ ಬೆಟ್ಟದ ಮಾತಾಡುವುದನ್ನು ಬಿಟ್ಟಿದ್ದಾನೆ ಎನ್ನುತ್ತಾರೆ. ತಾನು ಕೂಗದೇ ಇದ್ದದ್ದನ್ನೇ ಹೇಳುತ್ತಾನಂತೆ, ಕೇಳಲು ಬರುವವರು ಕಡಿಮೆಯಾಗಿದ್ದಾರಂತೆ. ಮಾರ್ನಿ ಹೋಗಿ ಕೇಳಿಲ್ಲ. ಡಾರ್ಲಾಳ ಮನೆಯಲ್ಲಿ ಅವನಿದ್ದರೆ ಅವಳು ಹೊಸ್ತಿಲು ದಾಟುವುದಿಲ್ಲ.

ಒಂದು ಬೆಳಿಗ್ಗೆ, ಹೊಸ ಹಿಮ ಬಿದ್ದಿದ್ದಾಗ, ತಿರುವಿನ ಬಳಿ ಅವನ ವ್ಯಾನು ರಸ್ತೆ ಬಿಟ್ಟು ಚರಂಡಿಗಿಳಿದಿತ್ತು. ಅವನು ಪಕ್ಕದಲ್ಲಿ ನಿಂತು ಕೈಯುಜ್ಜಿಕೊಳ್ಳುತ್ತಿದ್ದ. ಮಾರ್ನಿ ಲಾರಿ ನಿಲ್ಲಿಸಿದಳು. ಹಿಂದಿನಿಂದ ಸರಪಳಿ ತಂದು ಹಿಮದಲ್ಲಿ ಮಂಡಿಯೂರಿ ವ್ಯಾನಿನ ಕೆಳಗೆ ಸಿಕ್ಕಿಸಿದಳು. ಎಳೆದು ರಸ್ತೆಗೆ ತಂದಳು.

"ಮಾರ್ನಿ," ಎಂದ ಕರ್ಟಿಸ್. "ಥ್ಯಾಂಕ್ಸ್. ನಾನು..."

"ಸರಪಳಿ ಬಿಚ್ಚು," ಎಂದಳು ಅವಳು. "ಇನ್ನೂ ಅರ್ಧ ರಸ್ತೆ ಬಾಕಿ ಇದೆ."

ಅವನು ಬಿಚ್ಚಿ ಕೈಗೆ ಕೊಟ್ಟ. ಅದನ್ನು ಲಾರಿಗೆ ಹಾಕಿ, ಅಲಗು ಇಳಿಸಿ, ಅವನ ಬೂಟಿನ ಮೇಲೆಲ್ಲ ಹಿಮ ಚಿಮ್ಮಿಸುತ್ತಾ ಅವಳು ಮುಂದೆ ಹೋದಳು.